‘ಜನ ಜಾಸ್ತಿ ಆಗ್ತಾರಾ?’ ಎಂದು ಕೇಳಲು ಕಲಿತದ್ದು

ಫೋನ್ ಎತ್ತಿದ ಕೂಡಲೇ ಆ ಕಡೆಯಿಂದ ಬಂದ ಮಾತು ಇದು: "ಸರ್, ನಿಮ್ಮ ಪಟ್ಟಿ ನಂಬಿ ಜನರನ್ನ ಕಟ್ಟಿಕೊಂಡು ಬಂದೆ. ಇಲ್ಲಿ ಕೆಲಸ ಎಲ್ಲಿದೆ?"

ಅವರು ಸೆಂಟ್ರಿಂಗ್ ಕೆಲಸದ, ಅಂದರೆ ಕಾಂಕ್ರೀಟ್ ಸುರಿಯುವ ಮುಂಚೆ ಅಚ್ಚು ಮತ್ತು ಆಸರೆ ಕಟ್ಟುವ ಕೆಲಸದ, ಸಣ್ಣ ಗುತ್ತಿಗೆದಾರರು. ಇಪ್ಪತ್ತೆರಡು ಜನರ ತಂಡ. ಮುಂಚೆ ಯಾವಾಗ ಫೋನ್ ಮಾಡಿದರೂ ಹಿಂದೆ ಮಿಕ್ಸರ್ ಸದ್ದು, ಸುತ್ತಿಗೆ ಸದ್ದು ಇರುತ್ತಿತ್ತು. ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ. ಅವತ್ತು ಮಾತ್ರ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಕೆಲಸ ಇಲ್ಲದ ಸೈಟಿನ ಆ ನಿಶ್ಶಬ್ದ ನನಗೆ ಇವತ್ತಿಗೂ ನೆನಪಿದೆ.

ಅವರು ಪಟ್ಟಿ ಎಂದದ್ದು ನಾನು ತಯಾರಿಸಿದ್ದನ್ನೇ. ಗುತ್ತಿಗೆದಾರರ ಒಂದು ಸಂಘಕ್ಕಾಗಿ ಮೂರು ತಿಂಗಳಿಗೊಮ್ಮೆ ನಾನು ಒಂದು ಸಮೀಕ್ಷೆ ನಡೆಸುತ್ತಿದ್ದೆ. ಮುಂದಿನ ಮೂರು ತಿಂಗಳಲ್ಲಿ ಯಾವ ವಲಯದಲ್ಲಿ ಕಟ್ಟಡ ಕೆಲಸಕ್ಕೆ ಜನ ಹೆಚ್ಚಾಗುತ್ತಾರೆ, ಯಾವ ವಲಯದಲ್ಲಿ ಕಡಿಮೆಯಾಗುತ್ತಾರೆ ಎಂದು ಅಂದಾಜು ಹೇಳುವುದು ಅದರ ಕೆಲಸ. ಆರು ವಲಯ, ಒಂದು ಪುಟ, ಆರು ಸಂಖ್ಯೆ. ಕರಾವಳಿ ವಲಯದ ಮುಂದೆ ದಪ್ಪ ಅಕ್ಷರದಲ್ಲಿ +36 ಎಂದಿತ್ತು. ಆರರಲ್ಲಿ ಅದೇ ದೊಡ್ಡದು. ಅದನ್ನು ನೋಡಿಯೇ ಅವರು ತಂಡದ ಜೊತೆ ಹೊರಟದ್ದು.

ಅದಕ್ಕೂ ಮುಂಚೆ ನಾನು ಸೈಟ್ ಪ್ಲಾನಿಂಗ್ ಎಂಜಿನಿಯರ್ ಆಗಿದ್ದೆ. ಯಾವ ವಾರ ಎಷ್ಟು ಬಾರ್ ಬೆಂಡರ್ (ಕಬ್ಬಿಣದ ಸರಳು ಬಾಗಿಸಿ ಕಟ್ಟುವವರು) ಬೇಕು, ಎಷ್ಟು ಬಡಗಿಗಳು ಬೇಕು ಎಂದು ಲೆಕ್ಕ ಹಾಕುವುದು ಗೊತ್ತಿತ್ತು. ಒಂದು ಸೈಟಿನ ಲೆಕ್ಕ ಬರುವವನಿಗೆ ಒಂದು ವಲಯದ ಲೆಕ್ಕ ಏನು ಮಹಾ ಎಂದುಕೊಂಡಿದ್ದೆ. ಹತ್ತಾರು ಸೈಟ್ ಕೂಡಿಸಿದರೆ ವಲಯ, ಅಷ್ಟೇ ಅಲ್ವಾ? ಅಲ್ಲ ಎಂದು ಗೊತ್ತಾಗಲು ಆ ಫೋನ್ ಬರಬೇಕಾಯಿತು.

ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. "ಮುಂದಿನ ಮೂರು ತಿಂಗಳಲ್ಲಿ ನಿಮ್ಮ ಸಂಸ್ಥೆಯ ಕೆಲಸಗಾರರ ಸಂಖ್ಯೆ ಹೆಚ್ಚಾಗುತ್ತಾ, ಹಾಗೇ ಇರುತ್ತಾ, ಕಡಿಮೆಯಾಗುತ್ತಾ?" ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಯುರೋಪಿಯನ್ ಕಮಿಷನ್ ತಿಂಗಳಿಗೊಮ್ಮೆ ನಡೆಸುವ ಸಮೀಕ್ಷೆಯಲ್ಲಿ ಇಂಥದೇ ಪ್ರಶ್ನೆ ಇದೆ. ಕಟ್ಟಡ ಉದ್ಯಮ ಆ ಸಮೀಕ್ಷೆಗೆ ಸೇರಿದ್ದು 1966ರಲ್ಲಿ. ಅಲ್ಲಿ ಕೈಯಲ್ಲಿರುವ ಆರ್ಡರ್‌ಗಳ ಪ್ರಶ್ನೆ ಮತ್ತು ಮುಂದಿನ ಮೂರು ತಿಂಗಳ ಉದ್ಯೋಗದ ಪ್ರಶ್ನೆ, ಇವೆರಡರ ಸರಾಸರಿಯನ್ನೇ ಕಟ್ಟಡ ಉದ್ಯಮದ ವಿಶ್ವಾಸ ಸೂಚ್ಯಂಕ ಎಂದು ಪ್ರಕಟಿಸುತ್ತಾರೆ. ಅಂದರೆ ‘ಜನ ಜಾಸ್ತಿ ಆಗ್ತಾರಾ’ ಎಂಬ ಪ್ರಶ್ನೆಗೆ ಅರ್ಧ ತೂಕ.

ಲೆಕ್ಕವೂ ಅಲ್ಲಿಯದೇ. ಹೆಚ್ಚಾಗುತ್ತೆ ಎಂದವರ ಶೇಕಡಾವಾರಿನಿಂದ ಕಡಿಮೆಯಾಗುತ್ತೆ ಎಂದವರ ಶೇಕಡಾವಾರು ಕಳೆಯಬೇಕು. ಹಾಗೇ ಇರುತ್ತೆ ಎಂದವರು ಒಟ್ಟು ಉತ್ತರಗಳಲ್ಲಿ ಇರುತ್ತಾರೆ, ಆದರೆ ಈ ಕಳೆಯುವ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದೇ ನಿವ್ವಳ ಸಂಖ್ಯೆ. ಕರಾವಳಿಯಲ್ಲಿ 14 ಉತ್ತರ ಬಂದಿದ್ದವು. 7 ಹೆಚ್ಚು, 5 ಹಾಗೇ, 2 ಕಡಿಮೆ. ಶೇ. 50ರಲ್ಲಿ ಶೇ. 14 ಕಳೆದರೆ +36. ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ.

ಫೋನ್ ಇಟ್ಟ ಮೇಲೆ ಆ ಏಳು ಜನರ ಪಟ್ಟಿ ತೆಗೆದು ಕೂತೆ. ಒಬ್ಬೊಬ್ಬರಿಗೇ ಮತ್ತೆ ಫೋನ್ ಮಾಡಿದೆ. "ಜನ ಹೆಚ್ಚಾಗುತ್ತಾರೆ ಎಂದಿದ್ರಲ್ಲ, ಯಾವ ಸೈಟಿಗೆ?" ಇಷ್ಟೇ ಪ್ರಶ್ನೆ. ನಾಲ್ಕು ಜನ ಕರಾವಳಿಯ ಸೈಟುಗಳ ಹೆಸರು ಹೇಳಿದರು. ಉಳಿದ ಮೂರು ದೊಡ್ಡ ಸಂಸ್ಥೆಗಳು. ಒಂದರ ಕಚೇರಿಯಲ್ಲಿ ಸಿಬ್ಬಂದಿ ವಿಭಾಗದವರು ಫೋನ್ ಎತ್ತಿ, "ಓ, ಅದು ರಸ್ತೆ ಕೆಲಸ ಸರ್. ಹೊಸ ಟೆಂಡರ್ ಸಿಕ್ಕಿದೆ" ಎಂದು ಖುಷಿಯಿಂದ ಹೇಳಿದರು. ರಸ್ತೆ ಇದ್ದದ್ದು ಎರಡು ವಲಯ ದಾಟಿ ಒಳನಾಡಿನಲ್ಲಿ! ಉಳಿದೆರಡರ ಕಥೆಯೂ ಅದೇ. ಮೂರಕ್ಕೂ ಮುಖ್ಯ ಕಚೇರಿ ಮಾತ್ರ ಕರಾವಳಿಯಲ್ಲಿತ್ತು.

ಅವರ ಕರಾವಳಿ ಸೈಟುಗಳಲ್ಲಿ ಏನಾಗುತ್ತಿದೆ ಎಂದು ಬೇರೆಯಾಗಿ ಕೇಳಿದೆ. ಒಂದರಲ್ಲಿ ಹಾಗೇ ಇರುತ್ತೆ. ಎರಡರಲ್ಲಿ ಕೆಲಸ ಮುಗಿಯುತ್ತಾ ಬಂದಿದೆ, ಜನ ಕಡಿಮೆ. ಹಾಗಾದರೆ 4 ಹೆಚ್ಚು, 6 ಹಾಗೇ, 4 ಕಡಿಮೆ. ನಿವ್ವಳ ಸೊನ್ನೆ. ಆ ಎರಡೂ ದೊಡ್ಡ ಸೈಟುಗಳು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಸಂಖ್ಯೆ ಮೈನಸ್ ಕಡೆಗೇ ಇಳಿಯುತ್ತಿತ್ತು. ನಾನು ಮಾತ್ರ ದಪ್ಪ ಅಕ್ಷರದಲ್ಲಿ +36 ಎಂದು ಹಾಕಿ ಕಳಿಸಿದ್ದೆ.

ಕಾರ್ಖಾನೆಗೆ ಇಂಥ ಕಾಟ ಕಡಿಮೆ. ಕಾರ್ಖಾನೆ ಇದ್ದಲ್ಲೇ ಇರುತ್ತದೆ. ಕಟ್ಟಡದ ಕೆಲಸದಲ್ಲಿ ಪ್ರತಿ ಸಲವೂ ‘ಕಾರ್ಖಾನೆ’ ಹೊಸ ಜಾಗಕ್ಕೆ ಹೋಗುತ್ತದೆ, ಕಚೇರಿ ಮಾತ್ರ ಕದಲುವುದಿಲ್ಲ. ಆದ್ದರಿಂದ ಇಡೀ ದೇಶದ ಸಂಖ್ಯೆಗೆ ‘ನಿಮ್ಮ ಸಂಸ್ಥೆಯಲ್ಲಿ’ ಎಂದು ಕೇಳಿದರೆ ಏನೂ ತೊಂದರೆ ಇಲ್ಲ. ಎಲ್ಲಿ ಕೂಡಿದರೂ ಮೊತ್ತ ಅದೇ. ಅದನ್ನು ವಲಯವಾರು ಒಡೆಯಲು ಹೊರಟಾಗ ಎಡವುತ್ತೇವೆ. ಆಮೇಲೆ ಒಂದು ವಿಷಯ ಗಮನಿಸಿದೆ. ಅಮೆರಿಕದಲ್ಲಿ 1962ರಲ್ಲಿ ಶುರುವಾಗಿ ಈಗ ಬೇರೆ ಬೇರೆ ದೇಶಗಳಲ್ಲಿ ನಡೆಯುವ, ಕಂಪನಿಗಳಿಗೆ ಕೆಲಸಗಾರರನ್ನು ಒದಗಿಸುವ ಮ್ಯಾನ್‌ಪವರ್ ಸಂಸ್ಥೆಯ ಉದ್ಯೋಗ ಸಮೀಕ್ಷೆಯಲ್ಲಿ ‘ನಿಮ್ಮ ಸ್ಥಳದಲ್ಲಿ ಒಟ್ಟು ಉದ್ಯೋಗ’ ಎಂದೇ ಕೇಳುತ್ತಾರೆ. ಈ ಎರಡು ಸಮೀಕ್ಷೆಗಳ ಪ್ರಶ್ನೆಗಳನ್ನೂ ನಾನು ಮೊದಲೇ ಓದಿದ್ದೆ. ‘ಸಂಸ್ಥೆ’ ಮತ್ತು ‘ಸ್ಥಳ’ ಎಂಬ ಎರಡು ಪದಗಳ ನಡುವೆ ಇಷ್ಟು ದೊಡ್ಡ ಹೊಂಡ ಇದೆ ಎಂದು ಮಾತ್ರ ಹೊಳೆದಿರಲಿಲ್ಲ.

ಮುಂದಿನ ಸುತ್ತಿಗೆ ಪ್ರಶ್ನೆಯನ್ನು ಬದಲಿಸಿದೆ. ಸಂಸ್ಥೆಯನ್ನು ಬಿಟ್ಟು ಸೈಟನ್ನು ಹಿಡಿದೆ. ಒಂದು ಸಂಸ್ಥೆಗೆ ಮೂರು ವಲಯಗಳಲ್ಲಿ ಸೈಟ್ ಇದ್ದರೆ ಮೂರು ಫೋನ್, ಮೂರು ಉತ್ತರ. ಕಚೇರಿಯವರಿಗೆ ಇದು ಕಿರಿಕಿರಿ. "ಎಲ್ಲದಕ್ಕೂ ನಾನೇ ಹೇಳ್ತೀನಿ, ಬರ್ಕೊಳ್ಳಿ" ಎನ್ನುತ್ತಾರೆ. ಬರೆದುಕೊಂಡೆ, ಆದರೆ ಸೈಟಿಗೂ ಫೋನ್ ಮಾಡಿದೆ. ಎರಡು ಉತ್ತರ ಎಷ್ಟು ಸಲ ಬೇರೆ ಬಂತೆಂದರೆ, ಎರಡೇ ಸುತ್ತಿನ ನಂತರ ಕಚೇರಿಗೆ ಫೋನ್ ಮಾಡುವುದನ್ನೇ ಬಿಟ್ಟೆ.

ಹಾಗಾದರೆ ಸೈಟಿನಲ್ಲಿ ಯಾರನ್ನು ಕೇಳಬೇಕು? ಮೊದಲು ಸೈಟ್ ಎಂಜಿನಿಯರ್‌ಗಳನ್ನು ಕೇಳಿದೆ. ಒಂದು ಸೈಟಿನಲ್ಲಿ ಎಂಜಿನಿಯರ್ "ಕಡಿಮೆ ಆಗ್ತಾರೆ" ಎಂದರು. ಮೂರು ತಿಂಗಳಾದ ಮೇಲೆ ನೋಡಿದರೆ ಅಲ್ಲಿ ಜನ ಮುಂಚಿಗಿಂತ ಜಾಸ್ತಿ ಇದ್ದರು. ಅವರು ಸುಳ್ಳು ಹೇಳಿರಲಿಲ್ಲ. ಅವರು ನೋಡಿಕೊಳ್ಳುತ್ತಿದ್ದದ್ದು ಸ್ಲ್ಯಾಬ್, ಕಂಬ, ತೊಲೆ. ಅದು ಮುಗಿಯುತ್ತಿತ್ತು. ಸೆಂಟ್ರಿಂಗ್‌ನವರು, ಬಾರ್ ಬೆಂಡರ್‌ಗಳು ಹೊರಟರು. ಅವರ ಜಾಗಕ್ಕೆ ಪ್ಲಾಸ್ಟರಿಂಗ್, ಟೈಲ್ಸ್, ಪೈಂಟ್, ವೈರಿಂಗ್, ಪ್ಲಂಬಿಂಗ್‌ನವರು ಗುಂಪುಗುಂಪಾಗಿ ಬಂದರು. ಅವರೆಲ್ಲ ಬೇರೆ ಬೇರೆ ಉಪಗುತ್ತಿಗೆಯವರು. ಆ ಎಂಜಿನಿಯರ್ ಕಣ್ಣಿಗೆ ‘ನಮ್ಮ ಜನ’ ಎಂದರೆ ಅವರು ಯಾರೂ ಅಲ್ಲ.

ಇದಕ್ಕೂ ಒಂದು ಹೆಸರಿನ ವ್ಯವಸ್ಥೆ ಇದೆ. ಉದ್ಯಮಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಕಟ್ಟಡ ಉದ್ಯಮವನ್ನು ಮೂರು ಭಾಗ ಮಾಡುತ್ತಾರೆ. 41 ಎಂದರೆ ಕಟ್ಟಡಗಳು. 42 ಎಂದರೆ ರಸ್ತೆ, ರೈಲು, ಸೇತುವೆ, ಪೈಪ್‌ಲೈನ್‌ನಂಥ ಸಿವಿಲ್ ಕೆಲಸಗಳು. 43 ಎಂದರೆ ವಿಶೇಷ ಕೆಲಸಗಳು: ಕೆಡವುವುದು, ನೆಲ ಹದ ಮಾಡುವುದು, ವೈರಿಂಗ್, ಪ್ಲಂಬಿಂಗ್, ಫಿನಿಶಿಂಗ್ ಇತ್ಯಾದಿ. ನಾನು 41ರವರನ್ನು ಕೇಳಿ 43ರ ಬಗ್ಗೆಯೂ ತೀರ್ಮಾನ ಮಾಡುತ್ತಿದ್ದೆ. ಎರಡರ ಕಾಲವೇ ಬೇರೆ. ಒಬ್ಬರು ಇಳಿಯುವಾಗ ಇನ್ನೊಬ್ಬರು ಏರುತ್ತಾರೆ.

ಕೊನೆಗೆ ನನ್ನ ಸಮಸ್ಯೆ ಬಿಡಿಸಿದವರು ಒಂದು ಸೈಟಿನ ಗೇಟಿನಲ್ಲಿ ಕೂರುವ ಕಾವಲುಗಾರರು. ಎಂಜಿನಿಯರ್‌ಗಾಗಿ ಕಾಯುತ್ತಾ ಅಲ್ಲಿ ಕೂತಿದ್ದೆ. ಅವರ ಮುಂದೆ ಉದ್ದನೆಯ ರಿಜಿಸ್ಟರ್. ಒಳಗೆ ಹೋಗುವವರೆಲ್ಲ ಹೆಸರು, ತಂಡದ ಮೇಸ್ತ್ರಿ ಹೆಸರು, ಸಮಯ ಬರೆಯಬೇಕು. ಬರೆಯಲು ಬಾರದವರ ಹೆಸರು ಅವರೇ ಬರೆದುಕೊಳ್ಳುತ್ತಿದ್ದರು. ಸುಮ್ನೆ ಪುಟ ತಿರುಗಿಸಿದೆ. ಮುಖ್ಯ ಗುತ್ತಿಗೆದಾರರ ಹಾಜರಿ ಪುಸ್ತಕದಲ್ಲಿ 18 ಜನ ಎಂದು ನನಗೆ ಹೇಳಿದ್ದರು. ಆ ದಿನ ಗೇಟ್ ದಾಟಿ ಒಳಗೆ ಹೋದವರು 140ಕ್ಕೂ ಹೆಚ್ಚು. ಉಳಿದವರೆಲ್ಲ ಯಾವುದೋ ಉಪಗುತ್ತಿಗೆಯ, ಅದರ ಕೆಳಗಿನ ಇನ್ನೊಂದು ಉಪಗುತ್ತಿಗೆಯ ಪುಸ್ತಕದಲ್ಲಿ.

ಆಮೇಲೆ ಪ್ರಶ್ನೆ ಹೀಗಾಯಿತು: "ಇವತ್ತು ಈ ಸೈಟಿನ ಗೇಟ್ ದಾಟಿ ಎಷ್ಟು ಜನ ಒಳಗೆ ಬಂದರು? ಮೂರು ತಿಂಗಳಾದ ಮೇಲೆ ಇದಕ್ಕಿಂತ ಜಾಸ್ತಿ ಬರುತ್ತಾರಾ, ಇಷ್ಟೇ ಇರುತ್ತಾರಾ, ಕಡಿಮೆಯಾಗುತ್ತಾರಾ?" ಯಾರ ಪುಸ್ತಕದಲ್ಲಿದ್ದಾರೆ ಎಂಬ ತಕರಾರೇ ಇಲ್ಲ. ಒಬ್ಬರನ್ನೇ ಎರಡು ಸಲ ಎಣಿಸುವ ಭಯವೂ ಇಲ್ಲ. ಮುಂಚೆ ಮುಖ್ಯ ಗುತ್ತಿಗೆದಾರರೂ ‘ಹೆಚ್ಚು’, ಅವರ ಉಪಗುತ್ತಿಗೆದಾರರೂ ‘ಹೆಚ್ಚು’ ಎಂದಾಗ ಅದೇ ಇಪ್ಪತ್ತು ಜನ ನನ್ನ ಪಟ್ಟಿಯಲ್ಲಿ ಎರಡು ಮತ ಹಾಕುತ್ತಿದ್ದರು.

ಪ್ರಶ್ನೆಯ ಒಂದೊಂದು ಪದಕ್ಕೂ ಎಷ್ಟು ಬೆಲೆ ಇದೆ ಎಂದು ತೋರಿಸಲು ಇನ್ನೊಂದು ಮಾತು ಹೇಳಬೇಕು. ಒಂದು ಸುತ್ತಿನಲ್ಲಿ ನನಗೆ ಸಹಾಯ ಮಾಡಲು ಬಂದ ಹುಡುಗ ಫೋನಿನಲ್ಲಿ ಚಿಕ್ಕದಾಗಿ, "ಮುಂದಿನ ಮೂರು ತಿಂಗಳಲ್ಲಿ ಜನ ತಗೋತೀರಾ?" ಎಂದು ಕೇಳುತ್ತಿದ್ದ. ಎಲ್ಲರೂ ಹೌದು ಎಂದರು. ಹೇಳದೆ ಇರುತ್ತಾರಾ? ಸೈಟಿನಲ್ಲಿ ಜನ ಬರುತ್ತಾ ಹೋಗುತ್ತಾ ಇರುತ್ತಾರೆ. 60 ಜನ ಇರುವ ಕಡೆ 20 ಜನ ಬಿಟ್ಟು ಹೋಗಿ 15 ಜನ ಹೊಸಬರು ಬಂದರೆ, ಜನ ತೆಗೆದುಕೊಂಡದ್ದೂ ನಿಜ, ಒಟ್ಟು 55ಕ್ಕೆ ಇಳಿದದ್ದೂ ನಿಜ. ಆ ಸುತ್ತಿನ ಅವನ ಪಾಲಿನ ಉತ್ತರಗಳನ್ನೆಲ್ಲ ಬಿಸಾಡಿ ಮತ್ತೆ ಫೋನ್ ಮಾಡಿದೆವು. ಅವನಿಗೆ ಬೇಜಾರಾಯಿತು. ನನಗೂ.

‘ಹಾಗೇ ಇರುತ್ತೆ’ ಎಂಬ ಉತ್ತರ ಇನ್ನೂ ಮೋಸದ್ದು. ನಿವ್ವಳ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಆದರೆ ಅದರೊಳಗೆ ಕನಿಷ್ಠ ಮೂರು ಥರದವರು ಅಡಗಿರುತ್ತಾರೆ. ನಿಜವಾಗಿಯೂ ಬದಲಾವಣೆ ಇಲ್ಲದವರು ಒಬ್ಬರು. ಏನೂ ಗೊತ್ತಿಲ್ಲದೆ ಮಧ್ಯದ ಉತ್ತರ ಹೇಳಿ ಫೋನ್ ಇಡುವವರು ಇನ್ನೊಬ್ಬರು. ಮೂರನೆಯವರೇ ಮುಖ್ಯ. ಅವರಿಗೆ ಜನ ಬೇಕು, ಸಿಗುವುದಿಲ್ಲ ಎಂದೂ ಗೊತ್ತು. ಒಬ್ಬ ಮೇಸ್ತ್ರಿ ಹೇಳಿದ್ದು ಹೀಗೆ: "ಇಷ್ಟೇ ಇರ್ತಾರೆ ಸರ್. ಇನ್ನೂ ಮೂವತ್ತು ಜನ ಬೇಕು. ಬಂದ್ರೆ ತಾನೇ?" ತಂಡ ಕಟ್ಟಿಕೊಂಡು ಕೆಲಸ ಹುಡುಕುವವರಿಗೆ ಈ ಮೇಸ್ತ್ರಿಯ ಸೈಟಿಗಿಂತ ಒಳ್ಳೆಯ ಜಾಗ ಇದೆಯಾ? ನನ್ನ ಪಟ್ಟಿಯಲ್ಲಿ ಮಾತ್ರ ಅದು ಸೊನ್ನೆ. ಆಗಿನಿಂದ ಹಾಗೇ ಇರುತ್ತೆ ಎಂದವರಿಗೆಲ್ಲ ಎರಡನೆಯ ಪ್ರಶ್ನೆ ಸೇರಿಸಿದೆ: "ಜನ ಸಿಕ್ಕಿದರೆ ಜಾಸ್ತಿ ಮಾಡುತ್ತಿದ್ದಿರಾ?" ಯುರೋಪಿನ ಸಮೀಕ್ಷೆಯಲ್ಲಿ ಇದಕ್ಕೆ ಬೇರೆ ದಾರಿ ಇದೆ. ಕೆಲಸಕ್ಕೆ ಅಡ್ಡಿ ಏನು ಎಂದು ಕೇಳಿ ಬೇಡಿಕೆ ಕಡಿಮೆ, ಹವಾಮಾನ, ಕೆಲಸಗಾರರ ಕೊರತೆ, ಸಾಮಗ್ರಿಯ ಕೊರತೆ, ಹಣದ ತೊಂದರೆ ಎಂದು ಆಯ್ಕೆ ಕೊಡುತ್ತಾರೆ. ನಾನು ಫೋನಿನಲ್ಲಿ ಅಷ್ಟುದ್ದ ಪಟ್ಟಿ ಓದಲು ಹೋಗಲಿಲ್ಲ. ಸೈಟಿನಲ್ಲಿ ನಿಂತು ಮಾತಾಡುವವರಿಗೆ ಎರಡು ನಿಮಿಷಕ್ಕಿಂತ ಹೆಚ್ಚು ತಾಳ್ಮೆ ಇರುವುದಿಲ್ಲ.

ಅದೇ ಯುರೋಪಿನ ಸಮೀಕ್ಷೆಯಿಂದ ಇನ್ನೊಂದು ಪ್ರಶ್ನೆ ಎತ್ತಿಕೊಂಡೆ. "ಈಗ ಕೈಯಲ್ಲಿರುವ ಕೆಲಸ ಎಷ್ಟು ತಿಂಗಳಿಗೆ ಸಾಕು?" ನನ್ನ ಪ್ರಕಾರ ಇಡೀ ಸಮೀಕ್ಷೆಯಲ್ಲಿ ಇದೇ ಅತಿ ಒಳ್ಳೆಯ ಪ್ರಶ್ನೆ. ಹೆಚ್ಚಾಗುತ್ತಾ ಎಂದು ಕೇಳಿದರೆ ಜನ ಆಸೆಯನ್ನು ಹೇಳುತ್ತಾರೆ. ಎಷ್ಟು ತಿಂಗಳ ಕೆಲಸ ಇದೆ ಎಂದು ಕೇಳಿದರೆ ಒಂದು ಕ್ಷಣ ಸುಮ್ಮನಾಗಿ ಎಣಿಸುತ್ತಾರೆ. ಎರಡು ತಿಂಗಳ ಕೆಲಸ ಇಟ್ಟುಕೊಂಡು ಜನ ಹೆಚ್ಚಾಗುತ್ತಾರೆ ಎಂದು ಯಾರಾದರೂ ಹೇಳಿದರೆ, "ಹೊಸ ಟೆಂಡರ್ ಬಂದಿದೆಯಾ, ಬರಬಹುದಾ?" ಎಂದು ಕೇಳಬೇಕು. ‘ಬರಬಹುದು’ ಎಂದರೆ ಆ ಉತ್ತರದ ಪಕ್ಕ ನಾನೊಂದು ಚುಕ್ಕಿ ಇಡುತ್ತಿದ್ದೆ.

ಈಗ ಲೆಕ್ಕದ ವಿಷಯ. ಇದನ್ನು ಓದಿ ಕೆಲವರು ಎದ್ದು ಹೋಗಬಹುದು, ಆದರೆ ನನಗೆ ಅತಿ ಹೆಚ್ಚು ನಾಚಿಕೆ ತಂದದ್ದು ಇದೇ.

ಕಚೇರಿ, ಸೈಟ್ ಎಂಬ ತಪ್ಪು ಆಗಿರಲೇ ಇಲ್ಲ ಎಂದುಕೊಳ್ಳಿ. ಆಗಲೂ 14 ಉತ್ತರದ +36ಕ್ಕೆ ಏನು ಬೆಲೆ? ಇದಕ್ಕೊಂದು ಸುಲಭ ಸೂತ್ರ ಇದೆ. ಹೆಚ್ಚು ಎಂದವರ ಪಾಲು ಮತ್ತು ಕಡಿಮೆ ಎಂದವರ ಪಾಲು ಕೂಡಿಸಿ. ಅದರಿಂದ ನಿವ್ವಳ ಸಂಖ್ಯೆಯ ವರ್ಗವನ್ನು ಕಳೆಯಿರಿ. ಉತ್ತರಗಳ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಇಲ್ಲಿ 0.50 ಮತ್ತು 0.14 ಸೇರಿ 0.64. 0.36ರ ವರ್ಗ ಸುಮಾರು 0.13. ಉಳಿದದ್ದು 0.51. ಅದನ್ನು 14ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.19, ಅಂದರೆ 19 ಅಂಕ. ಸಾಮಾನ್ಯವಾಗಿ ಇದರ ಎರಡು ಪಟ್ಟನ್ನು ಆಚೆ ಈಚೆ ಬಿಡುತ್ತಾರೆ. 38! ನಾನು ಹೆಮ್ಮೆಯಿಂದ ಹಾಕಿದ್ದ +36 ಸುಮ್ನೆ ಯಾರು ಫೋನ್ ಎತ್ತಿದರು ಎಂಬ ಆಟದಿಂದಲೇ ಬಂದಿರಬಹುದು. ಆ ವಲಯದಲ್ಲಿ ಏನೂ ಬದಲಾವಣೆ ಇಲ್ಲದೆಯೂ ಇರಬಹುದು.

ಈ ಅಲುಗಾಟ ಅರ್ಧವಾಗಬೇಕಾದರೆ ಉತ್ತರಗಳು ನಾಲ್ಕು ಪಟ್ಟಾಗಬೇಕು. 14ರ ಜಾಗದಲ್ಲಿ 56. ಆರು ವಲಯಕ್ಕೆ ಅಷ್ಟು ಫೋನ್ ಮಾಡಲು ನನ್ನಲ್ಲಿ ಜನ ಇರಲಿಲ್ಲ. ಎರಡು ಕೆಲಸ ಮಾಡಿದೆ. ಒಂದು, ತೀರಾ ಕಡಿಮೆ ಉತ್ತರ ಬರುವ ಎರಡು ವಲಯಗಳನ್ನು ಸೇರಿಸಿ ಒಂದು ಮಾಡಿದೆ. ಅಲ್ಲಿಯವರು ಮುನಿಸಿಕೊಂಡರು, ನಮ್ಮ ವಲಯದ ಹೆಸರೇ ಇಲ್ಲ ಎಂದು. ಎರಡನೆಯದಾಗಿ, ಮೂರು ಸುತ್ತಿನ ಸರಾಸರಿಯನ್ನು ಪಕ್ಕದಲ್ಲಿ ಕೊಡತೊಡಗಿದೆ. ಇದರಿಂದ ಅಲುಗಾಟ ಕಡಿಮೆಯಾಗುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಪ್ರತಿ ಸುತ್ತಿನಲ್ಲೂ ಬಹುಪಾಲು ಅದೇ ಜನ ಉತ್ತರ ಕೊಡುತ್ತಾರಲ್ಲ. ಸ್ವಭಾವದಿಂದಲೇ ಎಲ್ಲದಕ್ಕೂ ‘ಹೆಚ್ಚು’ ಎನ್ನುವವರು ಮೂರು ಸಲವೂ ಹೆಚ್ಚು ಎಂದೇ ಹೇಳುತ್ತಾರೆ.

ತೂಕದ ವಿಷಯದಲ್ಲೂ ಒದ್ದಾಡಿದೆ. 400 ಜನರ ಸೈಟಿಗೂ 8 ಜನರ ಸೈಟಿಗೂ ಒಂದೇ ಮತ ಎಂದರೆ ನ್ಯಾಯವಲ್ಲ. ಜನಸಂಖ್ಯೆಗೆ ತಕ್ಕಂತೆ ತೂಕ ಕೊಟ್ಟೆ. ಆಗ ಸಣ್ಣ ವಲಯವೊಂದರಲ್ಲಿ ಒಂದೇ ದೊಡ್ಡ ಸೈಟಿನವರು ಮನಸ್ಸು ಬದಲಿಸಿದರೆ ಇಡೀ ವಲಯ ಮೇಲೆ ಕೆಳಗೆ ಆಗತೊಡಗಿತು. ಕೊನೆಗೆ ಒಂದು ಸೈಟಿನ ತೂಕ ವಲಯದ ಶೇ. 20 ಮೀರಬಾರದು ಎಂದು ನಾನೇ ಒಂದು ಗೆರೆ ಹಾಕಿಕೊಂಡೆ. ಇದಕ್ಕೆ ಶಾಸ್ತ್ರದ ಆಧಾರ ಕೇಳಬೇಡಿ, ಇಲ್ಲ. ಕೆಲಸಕ್ಕೆ ಬಂತು, ಅಷ್ಟೇ.

ಋತುವಿನ ವಿಷಯ ಕಟ್ಟಡದಲ್ಲಿ ಬೇರೆ ಉದ್ಯಮಗಳಿಗಿಂತ ಜೋರು. ಮಳೆ ಬಂದರೆ ಅಗೆತ ನಿಲ್ಲುತ್ತದೆ. ಕೊರೆಯುವ ಚಳಿ ಇರುವ ಕಡೆ ಕಾಂಕ್ರೀಟ್ ಹಾಕುವುದೇ ಕಷ್ಟ. ಹೀಗಾಗಿ ಮಳೆ ಮುಗಿಯುವ ಮುಂಚೆ ಯಾರನ್ನು ಕೇಳಿದರೂ ಹೆಚ್ಚಾಗುತ್ತೆ ಎನ್ನುತ್ತಾರೆ. ಅದರಲ್ಲಿ ಹೊಸ ಸುದ್ದಿ ಏನೂ ಇಲ್ಲ. ದೊಡ್ಡ ಸಂಸ್ಥೆಗಳು ಇದನ್ನು ತೆಗೆದುಹಾಕಲು ಸಿದ್ಧ ವಿಧಾನ ಬಳಸುತ್ತವೆ. ಅಮೆರಿಕದ ಸೆನ್ಸಸ್ ಬ್ಯೂರೋದ ಎಕ್ಸ್-13 ಅರಿಮಾ-ಸೀಟ್ಸ್ ಎಂಬ ಪ್ರೋಗ್ರಾಂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದಕ್ಕೆ ಹಲವು ವರ್ಷಗಳ ಸಂಖ್ಯೆಗಳು ಬೇಕು. ನನ್ನಲ್ಲಿದ್ದದ್ದು ಆರು ಸುತ್ತು. ಹಾಗಾಗಿ ‘ವರ್ಷದ ಈ ಕಾಲದಲ್ಲಿ ಮಾಮೂಲಿಯಾಗಿ ಆಗುವುದನ್ನು ಬಿಟ್ಟು ಹೇಳಿ’ ಎಂದು ಪ್ರಶ್ನೆಯಲ್ಲೇ ಸೇರಿಸಿ ನೋಡಿದೆ. ಒಬ್ಬ ಮೇಸ್ತ್ರಿ, "ಮಾಮೂಲಿ ಬಿಟ್ಟು ಇನ್ನೇನು ಸರ್ ಇರೋದು?" ಎಂದರು. ಆ ವಾಕ್ಯವನ್ನು ಅವತ್ತೇ ತೆಗೆದೆ. ಹಿಂದಿನ ವರ್ಷದ ಇದೇ ಸುತ್ತಿನ ಸಂಖ್ಯೆಯನ್ನು ಪಕ್ಕದಲ್ಲಿ ಕೊಟ್ಟು ಓದುವವರಿಗೇ ಬಿಟ್ಟೆ. ಅದೂ ವಲಯವಾರು, ಏಕೆಂದರೆ ಒಂದು ಕಡೆ ಕೆಲಸ ನಿಲ್ಲಿಸುವ ಕಾಲ ಇನ್ನೊಂದು ಕಡೆ ಕೆಲಸದ ಸುಗ್ಗಿ.

ಚಿಹ್ನೆಯ ಬಗ್ಗೆ ಒಂದು ಸಣ್ಣ ಎಚ್ಚರಿಕೆ. ಬೇರೆಯವರ ಪಟ್ಟಿ ಓದುವಾಗ ಪ್ಲಸ್ ಎಂದರೆ ಏನು ಎಂದು ಮೊದಲು ನೋಡಿ. ಜಪಾನಿನ ಕೇಂದ್ರ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ನಡೆಸುವ ತಂಕನ್ ಸಮೀಕ್ಷೆಯಲ್ಲಿ ಉದ್ಯೋಗದ ಪ್ರಶ್ನೆ ಬೇರೆ ಥರ. ಜನ ಅಗತ್ಯಕ್ಕಿಂತ ಜಾಸ್ತಿ ಇದ್ದಾರೆ ಎಂದವರಿಂದ ಸಾಲದು ಎಂದವರನ್ನು ಕಳೆಯುತ್ತಾರೆ. ಅಲ್ಲಿ ಮೈನಸ್ ಬಂದರೆ ಜನ ಬೇಕಾಗಿದೆ ಎಂದರ್ಥ. ನಾನೊಮ್ಮೆ ಅದನ್ನು ಉಲ್ಟಾ ಓದಿ, ಅಯ್ಯೋ ಅಲ್ಲಿ ಕೆಲಸವೇ ಇಲ್ಲ ಎಂದು ಸಭೆಯೊಂದರಲ್ಲಿ ಹೇಳಿಬಿಟ್ಟಿದ್ದೆ. ಪುಣ್ಯಕ್ಕೆ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಉತ್ತರ ಕೊಡದವರ ಬಗ್ಗೆ ನಾನು ತಡವಾಗಿ ಯೋಚಿಸಿದೆ. ಫೋನ್ ಎತ್ತದವರು ಬಿಡುವಿಲ್ಲದೆ ಎತ್ತುತ್ತಿಲ್ಲ ಎಂದುಕೊಂಡಿದ್ದೆ. ಒಂದು ದಿನ ಹೀಗೆ ಎತ್ತದ ಐದು ಸೈಟುಗಳಿಗೆ ನಾನೇ ಹೋಗಿ ನೋಡಿದೆ. ಎರಡರಲ್ಲಿ ನಿಜವಾಗಿಯೂ ಬಿಡುವಿರಲಿಲ್ಲ. ಒಂದರಲ್ಲಿ ಕೆಲಸ ಮುಗಿದು ಗೇಟಿಗೆ ಬೀಗ. ಇನ್ನೆರಡರಲ್ಲಿ ಬಿಲ್ ಬಾಕಿಯಾಗಿ ಕೆಲಸ ನಿಂತಿತ್ತು. ಸಾಲ ಕೊಟ್ಟವರ ಫೋನ್ ಇರಬಹುದು ಎಂದು ಗೊತ್ತಿಲ್ಲದ ನಂಬರೇ ಎತ್ತುತ್ತಿರಲಿಲ್ಲ. ಅಂದರೆ ‘ಕಡಿಮೆ’ ಎನ್ನಬೇಕಾದವರೇ ಪಟ್ಟಿಯಿಂದ ಜಾರುತ್ತಿದ್ದರು. ನಿಂತ ಸೈಟನ್ನು ‘ಉತ್ತರ ಇಲ್ಲ’ ಎಂದು ಬಿಡದೆ ‘ಕಡಿಮೆ’ ಎಂದೇ ಬರೆಯತೊಡಗಿದೆ. ಇನ್ನೊಂದು ತುದಿಯಲ್ಲಿ, ಹೊಸದಾಗಿ ಶುರುವಾಗುವ ಸೈಟ್ ನನ್ನ ಹಳೆಯ ಪಟ್ಟಿಯಲ್ಲಿ ಇರುವುದೇ ಇಲ್ಲ. ಟೆಂಡರ್ ಪ್ರಕಟಣೆ, ಕಟ್ಟಡ ಪರವಾನಗಿಗಳ ಪಟ್ಟಿ ನೋಡಿ ಪ್ರತಿ ಸುತ್ತಿಗೂ ಹೊಸ ಸೈಟುಗಳನ್ನು ಸೇರಿಸಲೇಬೇಕು. ಬೇಸರದ ಕೆಲಸ. ಬೇರೆ ದಾರಿ ಇಲ್ಲ.

ಮೂರು ತಿಂಗಳಾದ ಮೇಲೆ ಗೇಟಿನ ರಿಜಿಸ್ಟರ್ ತೆಗೆಸಿ, ಹೇಳಿದ್ದು ಎಷ್ಟು ನಿಜವಾಯಿತು ಎಂದು ನೋಡುವ ಅಭ್ಯಾಸ ಆಮೇಲೆ ಬಂತು. ನಾನು ನೋಡಿದ ಮಟ್ಟಿಗೆ ರಸ್ತೆ, ಸೇತುವೆಯವರ ಮಾತು ಚೆನ್ನಾಗಿ ಹೊಂದುತ್ತಿತ್ತು. ಅವರಿಗೆ ಕರಾರಿನ ತಾರೀಖು ಇರುತ್ತದೆ, ಯಾವ ಹಂತ ಯಾವಾಗ ಎಂದು ಗೊತ್ತಿರುತ್ತದೆ. ಮನೆ ಕಟ್ಟುವವರದು ಹಾಗಲ್ಲ. ಮನೆ ಕಟ್ಟಿಸುವವರ ದುಡ್ಡು ಬಂದರೆ ಜನ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಎರಡನ್ನೂ ಬೆರೆಸದೆ ಬೇರೆ ಬೇರೆ ಸಾಲಿನಲ್ಲಿ ಹಾಕತೊಡಗಿದೆ. ಪುಟದ ಅಂದ ಹೋಯಿತು. ಆರು ಸಂಖ್ಯೆಯ ಜಾಗದಲ್ಲಿ ಈಗ ಒಂದು ದೊಡ್ಡ ಕೋಷ್ಟಕ. ಪ್ರತಿ ಸಂಖ್ಯೆಯ ಪಕ್ಕ ಎಷ್ಟು ಸೈಟಿನ ಉತ್ತರ ಎಂದು ಬರೆದಿರುತ್ತದೆ. ಸಂಘದಲ್ಲಿ ಕೆಲವರಿಗೆ ಹಳೆಯದೇ ಇಷ್ಟ. "ಒಂದು ನಂಬರ್ ಹೇಳಿ ಸಾಕು" ಎನ್ನುತ್ತಾರೆ. ನಾನು ಹೇಳುವುದಿಲ್ಲ.

ಸೆಂಟ್ರಿಂಗ್ ಗುತ್ತಿಗೆದಾರರ ತಂಡ ಕರಾವಳಿಯಲ್ಲಿ ಆರು ವಾರ ಖಾಲಿ ಕೂತು ಕೊನೆಗೆ ಒಂದು ಸಣ್ಣ ಕೆಲಸ ಹಿಡಿಯಿತು. ಆಮೇಲೆ ಬಹಳ ದಿನ ಅವರು ನನ್ನ ಫೋನ್ ಎತ್ತಲಿಲ್ಲ. ಸುಮಾರು ಒಂದೂವರೆ ವರ್ಷದ ನಂತರ ಅವರೇ ಫೋನ್ ಮಾಡಿದರು. ಹಿಂದೆ ಸುತ್ತಿಗೆ ಸದ್ದು.

"ಸರ್, ಈ ಕೆಲಸ ಮುಂದಿನ ತಿಂಗಳು ಮುಗಿಯುತ್ತೆ. ಉತ್ತರ ವಲಯದಲ್ಲಿ ಈ ಸಲ ಎಷ್ಟು ಹಾಕಿದ್ದೀರಿ?"

"ಕಟ್ಟಡಗಳಿಗೆ +27. ಆದರೆ 11 ಸೈಟಿನದ್ದು ಮಾತ್ರ."

"ಹನ್ನೊಂದೇನಾ?"

"ಹನ್ನೊಂದೇ. ಅದರಲ್ಲಿ ಸ್ಲ್ಯಾಬ್ ಹಂತದಲ್ಲಿರೋದು ನಾಲ್ಕು. ಉಳಿದದ್ದೆಲ್ಲ ಫಿನಿಶಿಂಗ್. ನಿಮಗೆ ಅಲ್ಲೇನೂ ಕೆಲಸ ಇರಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಯಾರಿಗೋ ಪ್ರಾಪ್ (ಆಸರೆ ಕಂಬ) ಸರಿಯಾಗಿ ನಿಲ್ಲಿಸಲು ಕೂಗಿ ಹೇಳಿದರು. ಆಮೇಲೆ, "ಆ ನಾಲ್ಕು ಸೈಟಿನ ಮೇಸ್ತ್ರಿಗಳ ಹತ್ರ ನನ್ನ ನಂಬರ್ ಕೊಡ್ತೀರಾ ಸರ್? ಬೇಕಾದ್ರೆ ಅವರೇ ಮಾಡ್ಲಿ" ಎಂದರು.

ಕೊಟ್ಟೆ. ಇಬ್ಬರು ಫೋನ್ ಮಾಡಿದರಂತೆ.